ಗ್ರೀಕರ ನ್ಯಾಯ, ನಮ್ಮವರ ಪಂಚಾಯ್ತಿ

ಹಳೆಯ ಗ್ರೀಕ್ ವೀರಕಾವ್ಯಗಳಲ್ಲಿ ನ್ಯಾಯ ಅಂದರೇನು ಅಂತ ಕ್ಯಾಲಿಫೋರ್ನಿಯಾದ ಹುಡುಗರಿಗೆ ಪಾಠ ಹೇಳಿದವಳು ನಾನು. ಮೈಸೂರಿನ ಹೆಂಗಸು, ಉಟ್ಟ ಸೀರೆ, ಗ್ರೀಕ್ ಭಾಷೆ, ಮೂರೂ ಒಂದೇ ಕಡೆ ಸೇರಿದ ಮೇಲೆ ಏನಾದರೊಂದು ಆಗದೆ ಇರುತ್ತದೆಯೇ?

ಪ್ರೊಫೆಸರ್ ಎಲ್ಲಿ?

ಎಪ್ಪತ್ತರ ದಶಕದ ಶುರು. ಪೊಮೊನಾ ಕಾಲೇಜಿನಲ್ಲಿ ನನ್ನ ಮೊದಲ ಕ್ಲಾಸು. ಬೋರ್ಡ್ ಒರೆಸುತ್ತಿದ್ದೆ. ಮುಂದೆ ಕೂತಿದ್ದ ಹುಡುಗ ಬಹಳ ವಿನಯದಿಂದ, "ಮ್ಯಾಡಮ್, ಗ್ರೀಕ್ ಪ್ರೊಫೆಸರ್ ಎಷ್ಟು ಹೊತ್ತಿಗೆ ಬರ್ತಾರೆ?" ಅಂದ. ಸೆರಗು ಸರಿಮಾಡಿಕೊಂಡು, ಪಾಠಕ್ಕಿದ್ದ ವೀರಕಾವ್ಯದ ಆರಂಭವನ್ನು ಗ್ರೀಕಿನಲ್ಲೇ ಬಾಯಿಪಾಠ ಒಪ್ಪಿಸಿದೆ, ನಮ್ಮ ತಂದೆ ಸಂಸ್ಕೃತ ಶ್ಲೋಕ ಕಲಿಸಿದ ರಾಗದಲ್ಲಿ! ಆಮೇಲೆ ಆ ಹುಡುಗ ಪಕ್ಕದವನಿಗೆ ಪಿಸುಗುಟ್ಟಿದ್ದು ಕೇಳಿಸಿತು: "ಗ್ರೀಸ್ ಇಂಡಿಯಾದಲ್ಲಿದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ!"

ಮಳೆ ಬಾರದ ಊರು

ರೆಡೊಂಡೊ ಬೀಚಿನ ಸ್ನೇಹಿತರ ಮನೆಯಲ್ಲಿ ಊಟ. ಧಾರವಾಡದ ಕಡೆಯ ಇಂಜಿನಿಯರ್ ಒಬ್ಬರು, "ಏನ್ ಕಲಸ್ತೀರ್ರೀ?" ಅಂದರು.

"ನ್ಯಾಯ."

"ಭಾಳ ಛಲೋ ಆತು! ಫ್ರೀವೇದಾಗ ನಂಗ ಸ್ಪೀಡಿಂಗ್ ಟಿಕೆಟ್ ಕೊಟ್ಟಾರ, ಜಡ್ಜ್ ದಂಡಾನೂ ಹಾಕ್ಯಾನ. ಏನ್ ಮಾಡ್ಲಿ?"

"ನನ್ನದು ಗ್ರೀಕ್ ಕಾವ್ಯದ ನ್ಯಾಯ. ಅಲ್ಲಿ ತೀರ್ಪು ಸೊಟ್ಟಗಾದ್ರೆ ದೇವರಿಗೆ ಸಿಟ್ಟು ಬಂದು ಮಳೆ ಸುರಿಸಿ ಹೊಲಗದ್ದೆ ಎಲ್ಲಾ ಕೊಚ್ಚಿ ಹಾಕ್ತಾನೆ" ಅಂದೆ.

ಅವರು ಕಿಟಕಿಯಾಚೆಯ ನೀಲಿ ಆಕಾಶ ನೋಡಿ ನಿಟ್ಟುಸಿರು ಬಿಟ್ಟರು. "ಈ ಊರಾಗ ಮಳೀನ ಬರಂಗಿಲ್ರೀ. ಅದಕ್ಕ ಜಡ್ಜಿಗೆ ಅಂಜಿಕಿನ ಇಲ್ಲ!"

ದೀಪ ಯಾರು ಹಚ್ಚಬೇಕು?

ಸ್ಯಾನ್ ಡಿಯೇಗೊದಲ್ಲಿ ಕನ್ನಡಿಗರೆಲ್ಲ ಸೇರಿ ಹಾಲ್ ಬಾಡಿಗೆಗೆ ಹಿಡಿದು ರಾಜ್ಯೋತ್ಸವ ಇಟ್ಟುಕೊಂಡಿದ್ದರು. ದೀಪ ಹಚ್ಚುವವರು ಯಾರು? ಈ ಊರಿಗೆ ಎಲ್ಲರಿಗಿಂತ ಮೊದಲು ಬಂದ ಡಾಕ್ಟರ್ ಅಂಕಲ್ಲೋ, ವಯಸ್ಸಿನಲ್ಲಿ ಹಿರಿಯರಾದ ಮೇಷ್ಟ್ರೋ? ಹಳೇ ಗೆಳೆಯರಾದ ಇವರಿಬ್ಬರೂ ಮುಖ ತಿರುಗಿಸಿ ಕೂತರು. ಮೇಷ್ಟ್ರು ಮನೆಗೆ ಹೊರಡಲು ಎದ್ದೇ ಬಿಟ್ಟರು. ಜನ ನನ್ನನ್ನು ಮುಂದೆ ತಳ್ಳಿದರು: "ನ್ಯಾಯದ ಪ್ರೊಫೆಸರ್, ನೀವೇ ಹೇಳಿ!"

ಗ್ರೀಕ್ ಕಾವ್ಯದ ಸಭೆಯಲ್ಲಿ ಕೋಲು ಯಾರ ಕೈಯಲ್ಲಿದೆಯೋ ಅವರದೇ ಮಾತು. ನಾನು ಮೈಕ್ ಹಿಡಿದೆ. "ಗ್ರೀಕರ ಕಾವ್ಯದಲ್ಲಿ ಒಬ್ಬ ವೀರನ ಮರ್ಯಾದೆ ಕಿತ್ತುಕೊಂಡಿದ್ದಕ್ಕೆ ಎಷ್ಟೋ ಜನ ಸತ್ತರು. ಯಾರಿಗೆ ಏನು ಸಲ್ಲಬೇಕೋ ಅದು ಸಲ್ಲೋದೇ ನ್ಯಾಯ. ದೀಪಕ್ಕೆ ಐದು ಬತ್ತಿ ಇದೆ. ಇಬ್ಬರೂ ಹಚ್ಚಿ."

ಚಪ್ಪಾಳೆಯೋ ಚಪ್ಪಾಳೆ! ನನಗೆ ಕೋಡು ಮೂಡಿತು. ಹಿರಿಯರಿಬ್ಬರೂ ಕಣ್ಣು ತುಂಬಿಕೊಂಡು, ಕೈ ಕೈ ಹಿಡಿದು ಬಂದರು.

"ಮೊದಲು ನೀವು ಹಚ್ಚಿ, ಮೇಷ್ಟ್ರೇ."

"ಛೆ, ಎಲ್ಲಾದ್ರೂ ಉಂಟೇ? ನೀವೇ ಮೊದಲು, ಡಾಕ್ಟ್ರೇ."

ಅಷ್ಟರಲ್ಲಿ ಆ ಹಾಲ್‌ನ ಮ್ಯಾನೇಜರ್ ಓಡಿ ಬಂದು, ಇಲ್ಲಿ ಬೆಂಕಿ ಹಚ್ಚುವ ಹಾಗೇ ಇಲ್ಲ ಅಂದ.

ಇಬ್ಬರೂ ಒಂದೇ ಉಸಿರಿಗೆ ಕೂಗಿದರು: "ಅನ್ಯಾಯ!"