ದೊಡ್ಡಪ್ಪನವರ ಬೆನ್ನಿನ ನೊಣ

ಕೋಪ ಬಂದು ಹೊಡೆದವನಿಗೆ ಕ್ಷಮೆ ಕೇಳುವುದು ಸುಲಭ. ಉಪಕಾರ ಮಾಡಲು ಹೋಗಿ ಹೊಡೆದವನ ಪಾಡು ಯಾರಿಗೂ ಬೇಡ. ನಾನು ಈ ಎರಡನೆಯ ಜಾತಿಯವನು. ಬರೆಯುವಾಗಲೂ ಕಿವಿ ಬಿಸಿಯಾಗುತ್ತಿದೆ.

ಹೊನ್ನಾವರದಲ್ಲಿ ನನ್ನದೊಂದು ಔಷಧಿ ಅಂಗಡಿ. ಹುಳ ಕಡಿಸಿಕೊಂಡು ಬಂದವರಿಗೆಲ್ಲ ಮುಲಾಮು ಕೊಟ್ಟು, "ಕೆರೆಯಬಾರದು, ತಾಳ್ಮೆ ಬೇಕು" ಎಂಬ ಉಪದೇಶವನ್ನು ಪುಕ್ಕಟೆ ಕೊಡುವವನು ನಾನು. ಕಳೆದ ವರ್ಷ ತಂಗಿ ವೀಣಾಳ ಮದುವೆಯ ಮಾತು ಮಿರ್ಜಾನದ ಒಂದು ಮನೆಯಲ್ಲಿ ನಡೆದಿತ್ತು. ಹುಡುಗ ಅವಳಿಗೆ ತುಂಬ ಹಿಡಿಸಿದ್ದ. ಆದರೆ ಆ ಮನೆಯಲ್ಲಿ ಕೊನೆಯ ಮಾತು ಹುಡುಗನ ದೊಡ್ಡಪ್ಪನವರದು. ಅವರಿನ್ನೂ ಹೂಂ ಅಂದಿರಲಿಲ್ಲ. ಸತ್ಯನಾರಾಯಣ ಪೂಜೆಯ ಊಟಕ್ಕೆ ಕರೆದಿದ್ದರು, ಅಷ್ಟೆ. ಹೊರಡುವಾಗ ವೀಣಾ, "ಅಣ್ಣಾ, ಅಲ್ಲಿ ಎಂತದೂ ಮಾಡಡ, ಸುಮ್ನೆ ಉಂಡ್ಕಂಡು ಬಪ್ಪನ" ಎಂದಿದ್ದಳು.

ಪೂಜೆಯ ಮನೆ, ಗಂಡಸರೆಲ್ಲ ಅಂಗಿ ಬಿಚ್ಚಿ ಪಂಕ್ತಿಯಲ್ಲಿ ಕೂತೆವು. ಗೌರವಕ್ಕೆಂದು ನನ್ನನ್ನು ದೊಡ್ಡಪ್ಪನವರ ಪಕ್ಕದಲ್ಲೇ ಕೂರಿಸಿದರು. ಜಗುಲಿಯ ಆಚೆಗೇ ಕೊಟ್ಟಿಗೆ. ದನಗಳಿಗೆ ಬಾಲವಿದೆ, ನನಗಿಲ್ಲ ಎಂಬುದು ದನದ ನೊಣಕ್ಕೆ ಬೇಗ ಗೊತ್ತಾಯಿತು. ಇದು ಅಡುಗೆಮನೆಯ ಬಡಪಾಯಿ ನೊಣವಲ್ಲ. ಸೊಳ್ಳೆ ಚುಚ್ಚಿದರೆ ಇದು ಚರ್ಮವನ್ನೇ ಕೊಯ್ಯುತ್ತದೆ. ಬೆನ್ನಿನ ನಟ್ಟನಡುವೆ ಕೂತು ಕಡಿಯಿತು. ಬಲಗೈ ಎಂಜಲು, ಊಟದ ನಡುವೆ ಎಡಗೈಯಿಂದ ಮೈ ಕೆರೆದುಕೊಳ್ಳುವುದು ಅಸಹ್ಯ. ಕಣ್ಣಲ್ಲಿ ನೀರು ಬಂತು. ಬಡಿಸುವವರು, "ಹುಳಿ ಖಾರ ಆತಾ?" ಎಂದರು. "ಇಲ್ಲೆ, ರಾಶಿ ಚೊಲೋ ಆಜು" ಎಂದೆ. ಇನ್ನಷ್ಟು ಬಡಿಸಿದರು.

ಆಗ ದೊಡ್ಡಪ್ಪ ಎಲೆಯ ಮೇಲೆ ಬಾಗಿದರು. ಅವರ ಭುಜದ ಕೆಳಗೆ ಅದೇ ನೊಣ, ಕಪ್ಪಗೆ, ದಪ್ಪಗೆ ಕೂತಿತ್ತು. ಹಿರಿಯರ ರಕ್ತ ಹೀರುವುದನ್ನು ನೆಂಟನಾಗಬೇಕಾದವನು ನೋಡುತ್ತ ಕೂರುವುದೇ? ಯೋಚನೆಗಿಂತ ಮೊದಲು ಕೈ ಹೋಯಿತು, ಅದೂ ಬಲಗೈ. ಫಟಾರ್! ಪಂಕ್ತಿಗೆ ಪಂಕ್ತಿಯೇ ತುತ್ತು ನಿಲ್ಲಿಸಿತು. ದೊಡ್ಡಪ್ಪನವರ ಬೆನ್ನಿನ ಮೇಲೆ ಹುಳಿಯನ್ನದಲ್ಲಿ ನನ್ನ ಐದೂ ಬೆರಳು ಮೂಡಿದ್ದವು. ಒಳಬಾಗಿಲಲ್ಲಿ ನಿಂತಿದ್ದ ವೀಣಾಳ ಮುಖ ಬಿಳಿಚಿಕೊಂಡಿತು.

"ನೊಣ... ದನದ ನೊಣ" ಎಂದು ತೊದಲಿದೆ. ನಂಬಲಿ ಎಂದು, "ಇಷ್ಟು ದೊಡ್ಡದು, ರಕ್ತ ಕುಡೀತಾ ಇತ್ತು" ಎಂದೂ ಸೇರಿಸಿದೆ. ನನ್ನ ಹೆಗಲ ಮೇಲಿದ್ದ ಶಾಲು ತೆಗೆದು ಅವರ ಬೆನ್ನು ಒರೆಸತೊಡಗಿದೆ. ಅನ್ನ ಹೋಯಿತು, ಹುಳಿ ಹೋಯಿತು, ನೊಣ ಮಾತ್ರ ಇದ್ದಲ್ಲೇ ಇತ್ತು. ಇನ್ನೊಮ್ಮೆ ಉಜ್ಜಿದೆ. ಅದು ಮಚ್ಚೆ.

"ಸಾಕು ತಮಾ" ಎಂದರು ದೊಡ್ಡಪ್ಪ, ತಿರುಗದೆಯೇ. "ಅದು ಆನು ಹುಟ್ಟಿದಾಗಿಂದ ಅಲ್ಲೇ ಕೂತಿದ್ದು. ಎಂತ ಮಾಡಿದ್ರೂ ಹಾರ್ತಿಲ್ಲೆ."

ಪಂಕ್ತಿ ನಕ್ಕಿತು. ನನಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಕಾರಿನಲ್ಲಿ ವಾಪಸು ಹೊರಟೆವು. ಕುಮಟಾ ದಾಟುವಾಗ ವೀಣಾ ಅಳು ತಡೆಯಲಾಗದೆ ಕಿಟಕಿಯ ಕಡೆ ತಿರುಗಿದಳು. ಅವಳನ್ನು ಸಮಾಧಾನ ಮಾಡುವ ಮುಖವೂ ನನಗಿರಲಿಲ್ಲ.

ಸಂಜೆ ಫೋನ್ ಬಂತು. ಹುಡುಗಿ ಒಪ್ಪಿಗೆ. "ಕೂಸು ಚೊಲೋ ಇದ್ದು. ಅಣ್ಣನ್ನ ನೋಡಿ ಕೂಸಿನ್ನ ಬಿಡಲಾಗ್ತಾ?" ಎಂದು ದೊಡ್ಡಪ್ಪನೇ ತೀರ್ಪು ಕೊಟ್ಟರಂತೆ.

ವೀಣಾ ಈಗ ಆ ಮನೆಯ ಸೊಸೆ, ಸುಖವಾಗಿದ್ದಾಳೆ. ಹಬ್ಬಹರಿದಿನಕ್ಕೆ ನನಗೂ ಕರೆ ಬರುತ್ತದೆ. ದೊಡ್ಡಪ್ಪ ಪ್ರೀತಿಯಿಂದ ತಮ್ಮ ಪಕ್ಕದಲ್ಲೇ ನನಗೆ ಎಲೆ ಹಾಕಿಸುತ್ತಾರೆ. ಮಡಿ, ಸಂಪ್ರದಾಯ ಎಂದರೆ ಕೂದಲೆಳೆಯಷ್ಟೂ ಬಿಟ್ಟುಕೊಡದ ಮನುಷ್ಯ ಅವರು. ನಾನು ಹೋದ ದಿನ ಮಾತ್ರ ಅಂಗಿ ಹಾಕಿಕೊಂಡು ಊಟಕ್ಕೆ ಕೂರುತ್ತಾರೆ.