ಹಡಗಿನೊಳಗೆ ನುಗ್ಗಿದ ಆನೆ

ನೆಲದ ಮೇಲೆ ಬದುಕೋರಿಗೆ ವರ್ಷಕ್ಕೊಂದು ತಮಾಷೆ ನಡೆದರೆ ಹೆಚ್ಚು. ಹಡಗಿನಲ್ಲಿ ಹಂಗಲ್ಲ. ಒಂದೂರು ಜನ ಒಂದೇ ಡಬ್ಬಿಯೊಳಗೆ ಸೇರಿಕೊಂಡು ಉಂಡು, ಕುಣಿದು, ಮಲಗುವಾಗ ದಿನಕ್ಕೆ ಮೂರಾದರೂ ಆಗಲೇಬೇಕು. ಇಪ್ಪತ್ತೆರಡು ವರ್ಷ ಟೂರಿಸ್ಟ್ ಹಡಗಿನಲ್ಲಿ ದುಡಿದು ಈಗ ರಾವಂದೂರಿನ ಜಗಲಿ ಮೇಲೆ ಕೂತಿದ್ದೀನಿ. ನೆನಪಿಗೆ ಬಂದಷ್ಟು ಹೇಳ್ತೀನಿ. ಎಲ್ಲಾ ನಿಜ. ಸಮುದ್ರದ ಆಳದಲ್ಲಿ ಮಾತ್ರ ಒಂದೆರಡು ಮಾರು ಹೆಚ್ಚು ಕಮ್ಮಿ ಇರಬಹುದು.

ಕೆಲಸ ಸಿಕ್ಕಿದ್ದು

ನಾನು ಸ್ಕೂಲಿನ ಹೊಸಿಲು ದಾಟಿದವನಲ್ಲ. ಆದರೆ ಹೊಗೆಸೊಪ್ಪು ಬೇಯಿಸೋ ಬ್ಯಾರನ್ನಿಗೆ, ಅಂದರೆ ಎಲೆ ಒಣಗಿಸೋ ಮನೆಗೆ, ಬೆಂಕಿ ಹಾಕೋದರಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನಲ್ಲೇ ನನಗೆ ಸರಿಸಮ ಇರಲಿಲ್ಲ. ಬೇರೆಯವರು ಥರ್ಮಾಮೀಟರ್ ನೋಡುತ್ತಿದ್ದರು. ನಾನು ಬಾಗಿಲಿಗೆ ಮೂಗು ಇಟ್ಟರೆ ಸಾಕು, ಒಳಗೆ ಎಲೆ ಹಳದಿ ತಿರುಗಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದೆ.

ಕೊಚ್ಚಿಯಲ್ಲಿ ಹಡಗಿಗೆ ಆಳು ಆರಿಸುವ ಏಜೆಂಟು ನಮ್ಮ ಹತ್ತು ಜನರನ್ನು ಹಡಗಿನ ಹೊಟ್ಟೆಯೊಳಗಿನ ಲಾಂಡ್ರಿಗೆ ಇಳಿಸಿದ. ಸುತ್ತ ಹಬೆ, ಇಸ್ತ್ರಿ ಯಂತ್ರ, ಬಟ್ಟೆ ಒಣಗಿಸೋ ಕುಲುಮೆ. ಇಬ್ಬರು ತಲೆ ಸುತ್ತಿ ಕೂತರು. ಉಳಿದವರು ಮೆಟ್ಟಿಲು ಎಲ್ಲಿದೆ ಅಂತ ಹುಡುಕಿದರು. ನಾನು ಗೋಡೆ ಮುಟ್ಟಿ ನೋಡಿ, ಅಭ್ಯಾಸಬಲದಿಂದ, "ಇನ್ನೆರಡು ಸೌದೆ ಆಕ್ಸಿ ಸ್ವಾಮಿ. ಈ ಕಾವಿಗೆ ಎಲೆ ಬಣ್ಣ ತಿರುಗಾಕಿಲ್ಲ" ಅಂದೆ. ತಲೆ ಸುತ್ತಿ ಕೂತಿದ್ದವರಲ್ಲಿ ಒಬ್ಬ ಮಲಯಾಳಿ. ಹಿಂದೆ ನಮ್ಮ ಕೋಟೆ ತಾಲ್ಲೂಕಿನ ಕಡೆ ಶುಂಠಿ ಬೆಳೆಯೋಕೆ ಬಂದು ಕನ್ನಡ ಕಲಿತಿದ್ದ. ಅವನು ಕೂತಲ್ಲಿಂದಲೇ ನನ್ನ ಮಾತನ್ನು ಏಜೆಂಟಿಗೆ ತಿಳಿಸಿದ.

ಅವರೆಲ್ಲರ ಹತ್ತಿರ ಸರ್ಟಿಫಿಕೇಟ್ ಇತ್ತು, ಕೆಲಸ ನನಗೆ ಸಿಕ್ಕಿತು. ಆವತ್ತು ನಾನು ಚಳಿ ಅಂತ ಸ್ವೆಟರ್ ಕೇಳಿದೆ ಅಂತ ಊರಲ್ಲಿ ಹೇಳ್ತಾರೆ. ಅದು ಸುಳ್ಳು. ಕೇಳಿದ್ದು ಟೋಪಿ ಮಾತ್ರ.

ಕ್ಯಾಪ್ಟನ್ ಪಕ್ಕದ ಮನುಷ್ಯ

ಮಗಳಿಗೆ ಸರಗೂರು ಕಡೆಯ ಗಂಡು ನೋಡಿದೆವು. ಹುಡುಗನ ಅಪ್ಪ ಕಾಡಂಚಿನಲ್ಲಿ ಬಾಳೆ ತೋಟ ಇಟ್ಟಿದ್ದವರು, ಭಾರಿ ಗತ್ತಿನ ಮನುಷ್ಯ. ಕಾಫಿ ಕುಡಿದು ಲೋಟ ಕೆಳಗಿಡುವ ಮೊದಲೇ, ಹಡಗಿನಲ್ಲಿ ನಿಮ್ಮದು ಏನು ಕೆಲಸ ಅಂತ ಕೇಳಿದರು. ಜನರ ಚಡ್ಡಿ ಒಗೀತೀನಿ ಅಂತ ಹೆಣ್ಣು ಹೆತ್ತವನು ಹೆಂಗೆ ಹೇಳೋದು? ಮೊಬೈಲ್ ತೆಗೆದು ಫೋಟೋ ತೋರಿಸಿದೆ. ಬಿಳೀ ಡ್ರೆಸ್ಸಿನ ಕ್ಯಾಪ್ಟನ್, ಪಕ್ಕದಲ್ಲಿ ನಾನು. ನನ್ನ ಕೈಯಲ್ಲಿ ಅವನ ಇನ್ನೊಂದು ಕೋಟು ನೇತಾಡುತ್ತಿತ್ತು. ಆ ಭಾಗದ ಮೇಲೆ ಹೆಬ್ಬೆರಳು ಇಟ್ಟುಕೊಂಡೆ.

"ನಾನು ಕೈ ಆಕ್ದೆ ಕ್ಯಾಪ್ಟನ್ನು ರೂಮು ಬುಟ್ಟು ಈಚೆಗೆ ಬರಾಕಿಲ್ಲ ಕಣ್ರೀ" ಅಂದೆ.

ಅಲ್ಲೇ ಮದುವೆ ನಿಶ್ಚಯವಾಯಿತು. ನಾನು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಇಸ್ತ್ರಿ ಮಾಡಿದ ಪ್ಯಾಂಟು ಹೋಗದೆ ಅವನಾದರೂ ಹೆಂಗೆ ಈಚೆಗೆ ಬಂದಾನು?

ಅಗಿದ ಮುದ್ದೆ

ರಜ ಮುಗಿಸಿ ಹೊರಟಾಗಲೆಲ್ಲ ಕಂಪಲಾಪುರದ ಮಿಲ್ಲಿನ ರಾಗಿಹಿಟ್ಟು ನನ್ನ ಪೆಟ್ಟಿಗೆಯಲ್ಲಿರುತ್ತಿತ್ತು. ಇಸ್ತ್ರಿ ಯಂತ್ರದ ಹಬೆಯಲ್ಲೇ ಎಸರು ಕಾಯಿಸಿ ಮುದ್ದೆ ತೊಳಸುತ್ತಿದ್ದೆ. ಒಂದು ಸಂಜೆ ವಾಸನೆ ಹಿಡಿದು ಹಡಗಿನ ದೊಡ್ಡ ಅಡುಗೆಯವನು ಇಳಿದು ಬಂದ. ಇಟಲಿಯವನು, ನೂರು ಜನ ಅಡುಗೆಯವರ ಮೇಲೆ ಯಜಮಾನ. ತನಗೂ ಬೇಕು ಅಂದ. ನಾನು ಮುರಿದು, ಸಾರಿಗೆ ಅದ್ದಿ, ನುಂಗಿ ತೋರಿಸಿದೆ. ಅವನಿಗೆ ನಂಬಿಕೆ ಬರಲಿಲ್ಲ. ಅಗಿಯದೆ ತಿನ್ನೋದು ಹಾವು ಮಾತ್ರ ಅಂದವನೇ ಅರ್ಧ ಮುದ್ದೆ ಬಾಯಿಗಿಟ್ಟು ಅಗಿಯೋಕೆ ಶುರು ಮಾಡಿದ.

ಮೇಲಿನ ದವಡೆ, ಕೆಳಗಿನ ದವಡೆ ಎರಡನ್ನೂ ಮುದ್ದೆ ಹಿಡಿದುಕೊಂಡಿತು. ಮಾತು ಬರಲ್ಲ, ಉಗುಳೋಕೆ ಗೌರವ ಬಿಡಲ್ಲ. ಮೇಲೆ ಪ್ಯಾಸೆಂಜರುಗಳು ಚಮಚ ಹಿಡಿದು ಮುಕ್ಕಾಲು ಗಂಟೆ ಕಾದರು. ಇವತ್ತು ಏನೋ ವಿಶೇಷ ತಯಾರಾಗುತ್ತಿದೆ ಅಂತ ಮಾತಾಡಿಕೊಂಡರಂತೆ. ತಯಾರಿ ನಮ್ಮ ಲಾಂಡ್ರಿಯಲ್ಲಿ ಕೂತು ಇನ್ನೂ ಅಗಿಯುತ್ತಿತ್ತು.

ಟವೆಲಿನ ಆನೆ

ವಯಸ್ಸಾಯಿತು ಅಂತ ಕೊನೆಯ ವರ್ಷಗಳಲ್ಲಿ ನನ್ನನ್ನು ಮೇಲಿನ ರೂಮುಗಳಿಗೆ ಹಾಕಿದರು. ಹಾಸಿಗೆ ಸರಿ ಮಾಡಿ, ಟವೆಲು ಮಡಚಿ ಒಂದು ಪ್ರಾಣಿ ಮಾಡಿ ಇಟ್ಟು ಬರಬೇಕು. ಪ್ಯಾಸೆಂಜರು ಬಂದು ನೋಡಿ ಖುಷಿಪಡಬೇಕು. ಕಲಿಸಿದವಳು ಫಿಲಿಪೈನ್ಸಿನ ಹೆಂಗಸು. ಅವಳ ಆನೆಗೆ ಮೊಲದ ಕಿವಿ, ಸೊಂಡಿಲು ಸೋರೆಕಾಯಿಯಂತೆ ಜೋತುಬಿದ್ದಿತ್ತು. ಕಾಡಾನೆ ಓಡಾಡೋ ಕೋಟೆ ತಾಲ್ಲೂಕಿನಲ್ಲಿ ನೆಂಟರಿರೋ ನನಗೆ ಆನೆ ಹೇಳಿಕೊಡೋಕೆ ಬಂದಿದ್ದಾಳಲ್ಲ ಅಂತ ನಗು ಬಂತು. ರಾಗಿ ಹೊಲಕ್ಕೆ ನುಗ್ಗುವಾಗ ಹೆಂಗೆ ನಿಲ್ಲುತ್ತದೋ ಹಂಗೆ, ಕಿವಿ ಅಗಲಿಸಿ ಸೊಂಡಿಲು ಎತ್ತಿ ನಿಲ್ಲಿಸಿದೆ.

ಒಬ್ಬ ಮುದುಕಿಯ ರೂಮಿನಲ್ಲಿ ಮಾರನೇ ದಿನ ನೋಡಿದರೆ, ಆನೆ ಮುಂದೆ ಎರಡು ಬಾಳೆಹಣ್ಣು ಇಟ್ಟಿದ್ದಳು. ನಾನು ಹಾಸಿಗೆ ಸರಿ ಮಾಡಿ ಈಚೆಗೆ ಬರುವಷ್ಟರಲ್ಲಿ ಹಣ್ಣು ಖಾಲಿ. ಆನೆ ತಿಂದಿತು ಅಂತ ಅವಳು ದೇಶಕ್ಕೆಲ್ಲ ಫೋಟೋ ಕಳಿಸಿದಳು. ನಾನು ಯಾಕೆ ಅಡ್ಡ ಬರಲಿ.

ಬೀಗರು ಹಡಗು ಹತ್ತಿದರು

ನಾನು ಕೆಲಸ ಬಿಡೋ ವರ್ಷ ಬೀಗರ ಫೋನು ಬಂತು. ಅಳಿಯ ಟಿಕೆಟ್ ಮಾಡಿಸಿದ್ದಾನೆ, ಕೊಚ್ಚಿಯಿಂದ ಮೂರು ದಿನದ ಟೂರು, ನನ್ನ ಹಡಗೇ. "ನೀವು ಕ್ಯಾಪ್ಟನ್ ಪಕ್ಕ ನಿಂತ್ಕಳಾದ ಒಂದು ಕಿತ ಕಣ್ಣಾರ ನೋಡ್ಬೇಕು ಕಣ್ರೀ ಬೀಗ್ರೇ" ಅಂದರು. ನನ್ನ ಮರ್ಯಾದೆ ಹೋದರೆ ಹೋಗಲಿ, ಮಗಳು ಆ ಮನೆಯಲ್ಲಿ ದಿನಾ ಮಾತು ಕೇಳಬೇಕಲ್ಲ.

ಎರಡು ದಿನ, ಕ್ಯಾಪ್ಟನ್ ನನ್ನನ್ನು ಬಿಡ್ತಾ ಇಲ್ಲ ಅಂತ ಫೋನಿನಲ್ಲೇ ತಳ್ಳಿದೆ. ಮೂರನೇ ದಿನ ಜೊತೆಗಾರನಿಗೆ ಜ್ವರ ಬಂದು ಅವನ ಸಾಲಿನ ರೂಮುಗಳು ನನ್ನ ತಲೆಗೆ ಬಂದವು. ಅದರಲ್ಲಿ ಬೀಗರದೂ ಒಂದು. ಮಧ್ಯಾಹ್ನ ಅವರು ಊಟಕ್ಕೆ ಹೋದದ್ದು ನೋಡಿಕೊಂಡು ಒಳಗೆ ಹೋದೆ. ಕರ್ಟನ್ ಮುಚ್ಚಿ ಮಬ್ಬಾಗಿತ್ತು. ಆನೆ ಮಡಚಿ ಮುಗಿಸಿದ್ದೆ ಅಷ್ಟೆ, ಬಾಗಿಲ ಹತ್ತಿರ ಬೀಗರ ಕೆಮ್ಮು ಕೇಳಿತು. ಉಪ್ಪಿನಕಾಯಿ ಡಬ್ಬಿ ಮರೆತು ವಾಪಸು ಬಂದಿದ್ದರು. ಮಂಚದಡಿ ಜಾಗವಿಲ್ಲ, ಬೀರುವಿನಲ್ಲಿ ಅವರ ಸೂಟ್‌ಕೇಸು. ಕೈಗೆ ಸಿಕ್ಕ ಬಿಳೀ ಬೆಡ್‌ಶೀಟು ತಲೆ ಮೇಲಿಂದ ಹೊದ್ದು, ಅದರ ಮೇಲೆ ಟವೆಲಿನ ಆನೆ ಇಟ್ಟುಕೊಂಡು ಮೂಲೆಯಲ್ಲಿ ನಿಂತೆ. ಹಡಗು ತೂಗಿದಂತೆಲ್ಲ ಮೇಲೆ ಕಿವಿ ಆಡುತ್ತಿತ್ತು.

ಬೀಗರು ಬಾಗಿಲು ತೆಗೆದು ಹಂಗೇ ನಿಂತರು. ಅವರ ತೋಟವನ್ನು ಆನೆಗಳು ಅದೆಷ್ಟು ಸಲ ತುಳಿದಿದ್ದವೋ. ಬೇಜಾರಿನಿಂದ ಮೆಲ್ಲಗೆ ಒಂದೇ ಮಾತು ಅಂದರು.

"ಇಲ್ಲಿಗೂ ಬಂದ್ಬುಟ್ಯಾ."

ಕಾಡಂಚಿನವರು ಆನೆಗೆ ಬೆನ್ನು ತೋರಿಸುವುದಿಲ್ಲ. ಹಿಂದೆ ಹಿಂದಕ್ಕೇ ಹೆಜ್ಜೆ ಇಟ್ಟು ಈಚೆಗೆ ಹೋದರು. ಅಲ್ಲಿ ಊಟ ತಳ್ಳೋ ಗಾಡಿ ಮೇಲಿದ್ದ ಸ್ಟೀಲ್ ತಟ್ಟೆ ತಗೊಂಡು ಚಮಚದಲ್ಲಿ ಡಣಡಣ ಬಡಿಯುತ್ತ, ಸರಗೂರಿನ ಹೊಲದಲ್ಲಿ ಕೂಗೋ ಹಂಗೆ ಕೂಗಿಕೊಂಡು ಸಾಲುದ್ದಕ್ಕೂ ಓಡಿದರು. ಹಡಗು ಮುಳುಗುತ್ತಿದೆ ಅಂದುಕೊಂಡ ಜನ ರಬ್ಬರ್ ಜಾಕೆಟ್ ತೊಟ್ಟು ಈಚೆಗೆ ಬಂದು ನಿಂತರು.

ಕ್ಯಾಪ್ಟನ್ನೇ ಬಂದ. ಬೀಗರು ಬಾಗಿಲ ಕಡೆ ಕೈ ತೋರಿಸಿದರು. ಅವನು ಒಳಗೆ ಬಂದು, ಬಾಗಿಲಲ್ಲಿ ನಿಂತ ಬೀಗರ ಎದುರೇ ಬೆಡ್‌ಶೀಟು ಎಳೆದ. ನನ್ನನ್ನು ನೋಡಿ ಕಣ್ಣಲ್ಲಿ ನೀರು ಬರೋವರೆಗೂ ನಕ್ಕ. ಆಮೇಲೆ ಹೆಗಲ ಮೇಲೆ ಕೈ ಹಾಕಿ, ಇಂಗ್ಲಿಷಿನಲ್ಲಿ ಏನೇನೋ ಹೇಳುತ್ತ, ಅಷ್ಟೂ ಜನರ ಮುಂದೆ ತನ್ನ ರೂಮಿನವರೆಗೂ ನಡೆಸಿಕೊಂಡು ಹೋದ. ಸಂಜೆಯ ಪಾರ್ಟಿಗೆ ಹಾಕೋ ಕೋಟಿನ ಗುಂಡಿ ಕಿತ್ತಿತ್ತಂತೆ, ಅದನ್ನು ಹೊಲಿಸೋಕೆ. ನೋಡಿದವರಿಗೆ ಅದು ಹೆಂಗೆ ಗೊತ್ತಾಗಬೇಕು?

ಸಂಜೆ ಹಡಗಿನ ಮೇಲಂತಸ್ತಿನ ಕಂಬಿ ಹತ್ತಿರ ಬೀಗರು ಸಿಕ್ಕರು. ಅವರೇ ಮೊದಲು ಮಾತೆತ್ತಿದರು.

"ಕ್ಯಾಪ್ಟನ್ನು ನಿಮ್ಮ ಎಗಲ ಮ್ಯಾಲಿಂದ ಕೈ ತಗಿಯಾದೇ ಇಲ್ಲ ಅಂತ ಊರಲ್ಲಿ ಏಳ್ತೀನಿ ಬುಡಿ."

"ನಡು ಸಮುದ್ರದಲ್ಲಿ ಬೀಗರು ಒಬ್ರೇ ಆನೆ ಓಡ್ಸುದ್ರು ಅಂತ ನಾನೂ ಏಳ್ತೀನಿ" ಅಂದೆ. "ಎತ್ತರ ಎಷ್ಟು ಅನ್ನಲಿ?"

ಬೀಗರು ತಲೆ ಎತ್ತಿ, ಹಡಗಿನ ಹೊಗೆ ಕೊಳವೆಯನ್ನೊಮ್ಮೆ ಅಳೆದು ನೋಡಿದರು.

"ಅತ್ತು ಅಡಿ ಇರ್ಲಿ. ದಂತಾನೂ ಇರ್ಲಿ."