ಡನಾಂಗ್‌ನಿಂದ ಬಂದವರಿಗೆ ತಾಂಬೂಲ

ಬದರಿನಾಥನ ಆ ಶನಿವಾರದ ಫಜೀತಿಗೆಲ್ಲ ಮೂಲ ಒಂದು ಕಟ್ಟು ವೀಳ್ಯದೆಲೆ. ಅಮೆರಿಕದ ಟಕ್ವಿಲಾ ಊರಿನ ವಿಯೆಟ್ನಾಮೀ ಅಂಗಡಿಯಲ್ಲಿ ಅದು ತೊಟ್ಟು ಕೂಡ ಬಾಡದೆ ಹಚ್ಚ ಹಸಿರಾಗಿ ಕೂತಿತ್ತು. ಅವನ ಹೆಂಡತಿ ವಸಂತಲಕ್ಷ್ಮಿ, ಜಾತ್ರೆಯಲ್ಲಿ ತಪ್ಪಿಹೋದ ತಂಗಿ ಸಿಕ್ಕಳೇನೋ ಎಂಬಂತೆ ಅದನ್ನು ಎದೆಗವಚಿಕೊಂಡು ಮನೆಗೆ ತಂದಳು.

ಕೆನ್ಮೋರಿನ ಒಂದು ಸಣ್ಣ ಕಾಲೇಜಿಗೆ ವಿಯೆಟ್ನಾಮಿನಿಂದ ವಿದ್ಯಾರ್ಥಿಗಳನ್ನು ಸೇರಿಸುವುದು ಬದರಿನಾಥನ ಕೆಲಸ. ಎರಡು ವರ್ಷದಿಂದ ಬರುವವರ ಸಂಖ್ಯೆ ಬೇಸಿಗೆಯ ಹಳ್ಳದಂತೆ ಇಳಿಯುತ್ತಲೇ ಇತ್ತು. ಕಾಲೇಜಿನ ನಿರ್ದೇಶಕಿ ಅವನನ್ನು ಕರೆದು, ಈ ಸಲ ಇಪ್ಪತ್ತು ಜನ ಬರದಿದ್ದರೆ ನಿಮ್ಮ ಹುದ್ದೆಯೇ ಇರುವುದಿಲ್ಲ ಎಂದು ನಗುನಗುತ್ತ ಹೇಳಿದ್ದಳು. ಕೆಟ್ಟ ಸುದ್ದಿಯನ್ನು ನಗದೆ ಹೇಳುವ ಅಭ್ಯಾಸ ಆಕೆಗಿರಲಿಲ್ಲ.

ಮುಳುಗುವವನಿಗೆ ಹುಲ್ಲುಕಡ್ಡಿಯಂತೆ ಒಂದು ಪತ್ರ ಬಂತು. ವಿಯೆಟ್ನಾಮಿನ ಡನಾಂಗ್ ಊರಿನಲ್ಲಿ ವಿದೇಶ ವ್ಯಾಸಂಗದ ಏಜೆನ್ಸಿ ನಡೆಸುವ ಶ್ರೀಮತಿ ಹ್ವಾ ತಮ್ಮ ತಾಯಿ ಮತ್ತು ಮಗಳೊಂದಿಗೆ ಬರುವವರಿದ್ದರು. ಪತ್ರ ಎರಡು ಪುಟದ್ದು. ಮೊದಲ ಪುಟದ ತುಂಬ ಅವನ ಕಾಲೇಜಿನ ಹೊಗಳಿಕೆ. ಬದರಿನಾಥ ಅದನ್ನು ಹನ್ನೊಂದು ಸಲ ಓದಿದ. ಹೆಂಡತಿಗೆ ಓದಿ ಹೇಳಿದ, ಪಕ್ಕದ ಮನೆಯ ಅಕ್ಬರನನ್ನು ಬೇಲಿಯ ಬಳಿ ನಿಲ್ಲಿಸಿ ಓದಿ ಹೇಳಿದ. ಆ ಸಂಭ್ರಮದಲ್ಲಿ ಪುಟ ತಿರುಗಿಸಲು ಪುರಸೊತ್ತಾಗಲಿಲ್ಲ. ಮೂವರನ್ನೂ ಶನಿವಾರದ ಊಟಕ್ಕೆ ಕರೆದುಬಿಟ್ಟ.

ಶನಿವಾರ ಬೆಳಗ್ಗೆ ಎದುರು ಮನೆಯ ಅನಸೂಯಮ್ಮ ಕರೆಯದೆಯೇ ಅಡುಗೆಮನೆಗೆ ಬಂದು ಕೂತರು.

"ಊಟ ಹಾಕಿ ಹಾಗೇ ಕಳಿಸ್ತೀಯೇನೇ ವಸಂತಾ? ಮೂರು ಜನ ಹೆಣ್ಣುಮಕ್ಕಳು ಮನೆಗೆ ಬರ್ತಿದಾರೆ."

"ಅವರಿಗೆ ತಾಂಬೂಲ ಅಂದ್ರೆ ಏನು ಅಂತ ಗೊತ್ತಾಗುತ್ತಾ ಅನಸೂಯಮ್ಮ?"

"ಗೊತ್ತಾಗೋದು ಬಿಡೋದು ಅವರಿಗೆ ಸೇರಿದ್ದು. ಕೊಡೋದು ನಮಗೆ ಸೇರಿದ್ದು."

ಅತಿಥಿಗಳು ಬಂದರು. ಬಿಸಿಬೇಳೆಬಾತನ್ನು ಬೆವರುತ್ತ ಹೊಗಳಿದರು. ಹ್ವಾ ಅವರ ಮಗಳು ಮಾಯ್ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೇ ಹಪ್ಪಳ ಮುರಿದಳು. ಊಟವಾದ ಮೇಲೆ ವಸಂತಲಕ್ಷ್ಮಿ ಬೆಳ್ಳಿ ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಸುಣ್ಣದ ಡಬ್ಬಿ, ತೆಂಗಿನಕಾಯಿ, ಬಾಳೆಹಣ್ಣು, ರವಿಕೆ ಕಣ ಇಟ್ಟು ಮಾಯ್‌ಳ ಅಜ್ಜಿಯ ಕೈಗೆ ಕೊಟ್ಟಳು.

ಅಜ್ಜಿ ತಟ್ಟೆಯನ್ನು ನೋಡಿದರು. ಕಣ್ಣಲ್ಲಿ ಬಳಬಳ ನೀರು ಬಂತು. ತಟ್ಟೆಯನ್ನು ಎದೆಗೊತ್ತಿಕೊಂಡು ತಮ್ಮ ಭಾಷೆಯಲ್ಲಿ ಮಗಳಿಗೆ ಏನೋ ಹೇಳಿದರು.

ಅದೇ ಹೊತ್ತಿಗೆ ಬದರಿನಾಥನ ಮಗ ಸುಮುಖ್ ಅರೆನಿದ್ದೆಯಲ್ಲಿ ಮೆಟ್ಟಿಲಿಳಿದು ಬಂದ. ಅವನು ಓದು ಮುಗಿಸಿ, ಮುಂದೇನು ಎಂದು ಒಂದು ವರ್ಷದಿಂದ ಮಹಡಿಯಲ್ಲಿ ಮಲಗಿಕೊಂಡೇ ಯೋಚಿಸುತ್ತಿದ್ದ. ಹ್ವಾ ಅವನನ್ನು ಸಂತೆಯಲ್ಲಿ ಎತ್ತು ನೋಡುವವರಂತೆ ಅಡಿಯಿಂದ ಮುಡಿವರೆಗೆ ನೋಡಿದರು. ಅವರ ಇಂಗ್ಲಿಷನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ:

"ನಿಮ್ಮ ಮಗನಾ? ವಯಸ್ಸೆಷ್ಟು?"

"ಇಪ್ಪತ್ತಮೂರು ಮೇಡಂ."

"ಪಾಸ್‌ಪೋರ್ಟ್ ಇದೆಯಾ? ಮನೆ ಬಿಟ್ಟು ಇರ್ತಾನಾ? ಮೀನು ತಿಂತಾನಾ?"

"ಪಾಸ್‌ಪೋರ್ಟ್ ಇದೆ. ಮೀನು ಮಾತ್ರ ನಮ್ಮಲ್ಲಿ..."

"ಐ ಈಟ್ ಫಿಶ್, ಡ್ಯಾಡ್," ಎಂದ ಸುಮುಖ್.

ವಸಂತಲಕ್ಷ್ಮಿಯ ಕೈಯಿಂದ ಸೌಟು ಬಿತ್ತು.

ಊಟಕ್ಕೆಂದು ಕೊಟ್ಟಿದ್ದ ಕುರ್ಚಿಗಳನ್ನು ಒಯ್ಯಲು ಬಂದ ಅಕ್ಬರ್ ಅಜ್ಜಿಯ ಕೈಯಲ್ಲಿದ್ದ ತಟ್ಟೆ ಕಂಡವನೇ ಬದರಿನಾಥನನ್ನು ಅಡುಗೆಮನೆಗೆ ಎಳೆದುಕೊಂಡು ಹೋದ.

"ಏನ್ ಸಾರ್ ಮಾಡಿದ್ರಿ? ಇವರಲ್ಲಿ ಎಲೆ ಅಡಿಕೆ ತಟ್ಟೆ ಹುಡುಗಿ ಮನೆಯವರ ಕೈಗೆ ಕೊಟ್ರೆ ಹೆಣ್ಣು ಕೇಳಿದ ಹಾಗೆ. ತಗೊಂಡ್ರೆ ಒಪ್ಪಿದ ಹಾಗೆ. ನಮ್ಮ ಆಫೀಸಿನ ವಿಯೆಟ್ನಾಮಿನವನ ಎಂಗೇಜ್‌ಮೆಂಟಲ್ಲಿ ನಾನೇ ನೋಡಿದೀನಿ, ಡಿಟ್ಟೋ ಇದೇ ತಟ್ಟೆ."

"ಬರೀ ತಾಂಬೂಲ ಕಣೋ ಅಕ್ಬರ್."

"ಅಜ್ಜಿ ಅತ್ತಿದ್ದು ಯಾಕೆ ಮತ್ತೆ? ವಯಸ್ಸು ಕೇಳಿದ್ದು ಯಾಕೆ?"

ಬಾಗಿಲ ಹಿಂದಿದ್ದ ಅನಸೂಯಮ್ಮನಿಗೆ ಇಷ್ಟೇ ಸಾಕಾಯಿತು. ಅವರ ಹೆಬ್ಬೆರಳು ಫೋನಿನ ಮೇಲೆ ಹೊಲಿಗೆ ಯಂತ್ರದಂತೆ ಓಡಿತು. ಎರಡೇ ನಿಮಿಷದಲ್ಲಿ ಮರ್ಸರ್ ಐಲ್ಯಾಂಡಿನಿಂದ ಗೆಳೆಯ ವಿಜಯೇಂದ್ರನ ಮೆಸೇಜು ಬದರಿನಾಥನಿಗೆ ಬಂತು: "ಕಂಗ್ರಾಟ್ಸ್ ಬದರಿ. ಪುರೋಹಿತರು ಬೇಕಿದ್ರೆ ಹೇಳು, ನಮ್ಮ ಆಫೀಸಲ್ಲೇ ಒಬ್ರು ಇದಾರೆ."

ಬದರಿನಾಥ ಅಲ್ಲೇ ಲೆಕ್ಕ ಹಾಕಿದ. ತಟ್ಟೆ ಹೆಣ್ಣು ಕೇಳಲು ಕೊಟ್ಟದ್ದಲ್ಲ ಎಂದರೆ ಅಜ್ಜಿಗೆ ಅವಮಾನ, ಇಪ್ಪತ್ತು ವಿದ್ಯಾರ್ಥಿಗಳು ಹೋದರು, ಅವರ ಹಿಂದೆಯೇ ಕೆಲಸವೂ ಹೋಯಿತು. ಸುಮ್ಮನಿದ್ದರೆ ಮಗ ಹೋದ.

"ಹುಡುಗಿ ಲಕ್ಷಣವಾಗೇ ಇದಾಳೆ ಕಣ್ರೀ," ಎಂದಳು ಹಿಂದೆಯೇ ಬಂದಿದ್ದ ವಸಂತಲಕ್ಷ್ಮಿ ಮೆಲ್ಲಗೆ.

"ಸುಮ್ನಿರೇ ನೀನು. ವಿದ್ಯಾರ್ಥಿಗಳ ಒಪ್ಪಂದಕ್ಕೆ ಸಹಿ ಬೀಳೋವರೆಗೂ ಯಾರೂ ಬಾಯಿ ಬಿಡಬೇಡಿ. ಆಮೇಲೆ ಜಾತಕ ಕೂಡಲಿಲ್ಲ ಅಂದ್ರಾಯ್ತು."

ಹೀಗೆ ಸುಳ್ಳನ್ನು ಸಿದ್ಧಮಾಡಿಕೊಂಡು ಅವನು ಹೊರಗೆ ಬಂದರೆ, ಅಜ್ಜಿ ದೇವರ ಕೋಣೆಯ ಹೊಸ್ತಿಲಲ್ಲಿ ನಿಂತಿದ್ದರು. ಒಳಗೆ ಗೋಡೆಯ ಮೇಲೆ ಬದರಿನಾಥನ ತಾಯಿಯ ಫೋಟೋ. ಆಕೆ ಹೋಗಿ ಒಂಬತ್ತು ತಿಂಗಳಾಗಿತ್ತು. ಯಾರೂ ಹೇಳಿಕೊಡದೆ ಅಜ್ಜಿ ಊದುಬತ್ತಿ ಹಚ್ಚಿ, ಎರಡೂ ಕೈಯಲ್ಲಿ ಹಣೆಯವರೆಗೆ ಎತ್ತಿ, ಮೂರು ಸಲ ಬಾಗಿದರು. ಸತ್ತವರ ಮುಂದೆ ಹೇಗೆ ನಿಲ್ಲಬೇಕೆಂದು ತಿಳಿದವರು. ಆ ಬಾಗಿದ ಬೆನ್ನನ್ನು ನೋಡಿದ ಮೇಲೆ ಬದರಿನಾಥನ ಸುಳ್ಳು ಗಂಟಲಲ್ಲೇ ಕರಗಿಹೋಯಿತು.

"ಮೇಡಂ, ಕ್ಷಮಿಸ್ಬೇಕು," ಎಂದ ಅವನು ಹ್ವಾ ಅವರ ಮುಂದೆ ಕೈ ಮುಗಿದು. "ಆ ತಟ್ಟೆ ಹೆಣ್ಣು ಕೇಳೋಕೆ ಕೊಟ್ಟಿದ್ದಲ್ಲ. ನಮ್ಮಲ್ಲಿ ಮನೆಗೆ ಬಂದ ಹೆಂಗಸರಿಗೆಲ್ಲ ಕೊಡ್ತೀವಿ. ಈ ಮದುವೆ ಆಗೋದಿಲ್ಲ."

"ಮದುವೆಯಾ? ಯಾರದು?"

"ನಮ್ಮ ಸುಮುಖ್‌ದು. ನಿಮ್ಮ ಮಾಯ್ ಜೊತೆ."

ಮಾಯ್ ಮೊದಲ ಬಾರಿಗೆ ಇಯರ್‌ಫೋನ್ ತೆಗೆದು, ಸುಮುಖನ ಚಡ್ಡಿಯನ್ನೂ ಕೆದರಿದ ತಲೆಯನ್ನೂ ನೋಡಿ, "ನೋ, ಥ್ಯಾಂಕ್ ಯೂ," ಎಂದು ಮತ್ತೆ ಸಿಕ್ಕಿಸಿಕೊಂಡಳು.

ಅಜ್ಜಿ ತಿರುಗಿದರು. ಅವರ ತುಟಿ ಆಗಲೇ ಕೆಂಪಗಾಗಿತ್ತು. ಹ್ವಾ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅಮ್ಮ ದಿನಕ್ಕೆ ಎಂಟು ಸಲ ಎಲೆ ಹಾಕ್ತಾರೆ. ವಿಮಾನ ಹತ್ತಿದ ಮೇಲೆ ಹತ್ತು ದಿನದಿಂದ ಒಂದು ಎಲೆ ಕಂಡಿರಲಿಲ್ಲ. ಅದಕ್ಕೆ ಅತ್ತಿದ್ದು."

ಅಕ್ಬರ್ ಕುರ್ಚಿಗಳನ್ನೆತ್ತಿಕೊಂಡು ಸದ್ದಿಲ್ಲದೆ ಹೊರಟುಹೋದ.

"ಹಾಗಾದ್ರೆ ವಯಸ್ಸು, ಪಾಸ್‌ಪೋರ್ಟು, ಮೀನು?" ಎಂದ ಬದರಿನಾಥ.

"ಪತ್ರದ ಎರಡನೇ ಪುಟದಲ್ಲಿ ಬರೆದಿದ್ದೆನಲ್ಲ, ನೀವು ಓದಲಿಲ್ವಾ? ನಮ್ಮ ಮಕ್ಕಳು ಇಲ್ಲಿಗೆ ಬರೋದು ಕಡಿಮೆ ಆಗಿದೆ. ಅದಕ್ಕೆ ಈ ವರ್ಷದಿಂದ ಇಲ್ಲಿನ ಮಕ್ಕಳನ್ನ ಎರಡು ವರ್ಷ ಓದೋಕೆ ನಮ್ಮೂರಿಗೆ ಕರ್ಕೊಂಡು ಹೋಗ್ತಿದೀವಿ. ನೀವು ಅಡುಗೆಮನೇಲಿದ್ದಾಗ ನಿಮ್ಮ ಮಗನೇ ಮೊದಲ ಅರ್ಜಿ ತುಂಬಿ ಕೊಟ್ಟ. ಒಳ್ಳೆ ಹುಡುಗ."

"ಕಾಲೇಜ್ ಬೀಚ್ ಪಕ್ಕದಲ್ಲೇ ಇದೆ, ಡ್ಯಾಡ್," ಎಂದ ಸುಮುಖ್. ಬಹಳ ದಿನದ ಮೇಲೆ ಮಗನ ಬಾಯಲ್ಲಿ ಕನ್ನಡ ಕೇಳಿ ವಸಂತಲಕ್ಷ್ಮಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಅಜ್ಜಿ ಉಳಿದ ಎಲೆಗಳನ್ನು ರವಿಕೆ ಕಣದಲ್ಲಿ ಜೋಪಾನವಾಗಿ ಗಂಟು ಕಟ್ಟುತ್ತಿದ್ದಾಗ ಬದರಿನಾಥನ ಫೋನು ಬಡಿದುಕೊಂಡಿತು. ನಿರ್ದೇಶಕಿ.

"ಡನಾಂಗ್‌ನವರ ಜೊತೆ ಏನಾಯ್ತು?"

"ಒಬ್ಬ ವಿದ್ಯಾರ್ಥಿ ಪಕ್ಕಾ ಆದ ಮೇಡಂ."

"ಒಬ್ಬನೇನಾ? ಇರಲಿ, ಶುರು ಆಯ್ತಲ್ಲ. ಯಾವಾಗ ಬರ್ತಾನೆ?"

ಬದರಿನಾಥ ತಾಯಿಯ ಫೋಟೋದ ಕಡೆ ನೋಡಿದ. ಊದುಬತ್ತಿ ಇನ್ನೂ ಉರಿಯುತ್ತಿತ್ತು.

"ಬರೋದು ಎರಡು ವರ್ಷ ಆದ ಮೇಲೆ ಮೇಡಂ. ಮೊದಲು ಹೋಗ್ತಾನೆ."

ಆ ಕಡೆಯಿಂದ ನಿರ್ದೇಶಕಿಯ ನಗು ಕೇಳಿಸಿತು, ಹುದ್ದೆಯ ಮಾತೆತ್ತಿದ ದಿನದ ಅದೇ ನಗು.